ಅಪ್ಪನ ತುಟಿ, ಬೇರೆಯವರ ದನಿ

ನನಗೊಂದು ವಿಚಿತ್ರ ಚಟ ಅಂಟಿಕೊಂಡಿದೆ. ಮಧ್ಯಾಹ್ನ ಊಟವಾದ ಮೇಲೆ ಮೊಬೈಲಿನಲ್ಲಿ ಸಿನಿಮಾ ಹಾಕಿಕೊಂಡು ಕೂರುತ್ತೇನೆ, ಸೌಂಡ್ ಪೂರ್ತಿ ಇಳಿಸಿಬಿಡುತ್ತೇನೆ. ಎಲ್ಲ ಸಿನಿಮಾ ಅಲ್ಲ. ಒಂದೇ ಒಂದು ಹಳೆಯ ಕಪ್ಪು ಬಿಳುಪು ಸಿನಿಮಾ, ಅದರಲ್ಲೂ ನಡುವಿನ ಒಂದು ತುಣುಕು. ಅದು ಮುಗಿದ ಕೂಡಲೇ ಬೆರಳಿನಿಂದ ಹಿಂದಕ್ಕೆ ಎಳೆದು ಮತ್ತೆ ನೋಡುತ್ತೇನೆ. ನನ್ನ ಸೊಸೆ ಸುಜಾತ ಮೊದಲು ಮೊಬೈಲ್ ಕೆಟ್ಟಿದೆ ಎಂದುಕೊಂಡಳು. ಆಮೇಲೆ ಅತ್ತೆಗೆ ಕಿವಿ ಮಂದವಾಗಿದೆ ಎಂದು ತೀರ್ಮಾನಿಸಿ ಒಂದು ವಾರ ನನ್ನೊಂದಿಗೆ ಕೂಗಿ ಕೂಗಿ ಮಾತಾಡಿದಳು. ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ನಮ್ಮ ಸಾಲಿನ ಮನೆಗಳು ಗೋಡೆಗೆ ಗೋಡೆ ಅಂಟಿಕೊಂಡಿವೆ. ಅವಳ ಕೂಗಾಟದಿಂದ ನನ್ನ ಕಿವಿಯ ಸುದ್ದಿ ಓಣಿ ತುದಿಯವರೆಗೂ ಹೋಗಿ, ಕಿರಾಣಿ ಅಂಗಡಿಯವನು ನನಗೆ ಬೇಳೆ, ಬೆಲ್ಲ ಎಲ್ಲವನ್ನೂ ಸನ್ನೆಯಲ್ಲಿ ತೋರಿಸತೊಡಗಿದ.

ನನ್ನ ಕಿವಿ ಚೆನ್ನಾಗಿದೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬರುವ ಮಗನ ಬಸ್ಸು ದೊಡ್ಡ ರಸ್ತೆಯಲ್ಲಿ ನಿಂತದ್ದು ನನಗೆ ಒಳಗಿನ ಕೋಣೆಗೇ ಕೇಳಿಸುತ್ತದೆ. ಸೌಂಡ್ ಇಳಿಸುವುದಕ್ಕೆ ಬೇರೆ ಕಾರಣವಿದೆ. ಆ ಸಿನಿಮಾದಲ್ಲಿ ನಮ್ಮಪ್ಪ ಇದ್ದಾನೆ.

ಇದ್ದಾನೆ ಎಂದು ಹೇಳಿದರೆ ನೀವು ಹೀರೋ ಎಂದುಕೊಳ್ಳಬೇಡಿ. ಗೌಡನ ಅಂಗಳಕ್ಕೆ ಬಂದು ಒಂದು ಮಾತಾಡಿ ಹೋಗುವ ಆಳು. ಆದರೂ ಆ ಒಂದು ಮಾತಿನ ಕಥೆಯನ್ನು ಹೇಳದೆ ಬಿಟ್ಟರೆ ನನ್ನ ಈ ಚಟಕ್ಕೆ ಹುಚ್ಚು ಎನ್ನುವುದಲ್ಲದೆ ಬೇರೆ ಹೆಸರು ಸಿಗುವುದಿಲ್ಲ.

ಎಪ್ಪತ್ತರ ದಶಕದ ಮಾತು. ಹಂಪಿಯ ಬಂಡೆಗಳ ಮೇಲೆ ಉದ್ದ ಕೂದಲಿನ ಬಿಳಿಯರು ಹಗಲೆಲ್ಲ ಮಲಗಿರುತ್ತಿದ್ದ ಕಾಲ. ಅವರನ್ನು ಕಂಡೂ ಕಂಡೂ ನಮ್ಮ ಕಡೆಯವರಿಗೆ ಗಡ್ಡ, ಜಡೆ, ಬಣ್ಣದ ಚೀಲ ಯಾವುದೂ ಹೊಸದಾಗಿರಲಿಲ್ಲ. ಹಾಗಾಗಿ ಕಂಪ್ಲಿ ಹತ್ತಿರದ ನಮ್ಮೂರಿಗೆ ಗಡ್ಡದವರ ಒಂದು ಗುಂಪು ವ್ಯಾನಿನಲ್ಲಿ ಬಂದಿಳಿದಾಗ, ಪಾಪ ಇವರು ದಾರಿ ತಪ್ಪಿದ್ದಾರೆ ಎಂದು ನಮ್ಮವರು ಹಂಪಿಯ ಕಡೆಗೆ ಕೈ ತೋರಿಸಿದರಂತೆ. ಬಂದವರು ಕನ್ನಡದಲ್ಲೇ, ನಾವು ಬೆಂಗಳೂರಿನವರು, ನಿಮ್ಮ ಊರನ್ನೇ ಹುಡುಕಿಕೊಂಡು ಬಂದಿದ್ದೇವೆ ಎಂದಾಗ ಎಲ್ಲರಿಗೂ ಆಶ್ಚರ್ಯ. ನಮ್ಮ ಊರನ್ನು ಯಾರಾದರೂ ಹುಡುಕಿಕೊಂಡು ಬಂದದ್ದು ಅದೇ ಮೊದಲು.

ಅಲ್ಲಿಯವರೆಗೆ ಸಿನಿಮಾದ ಹಳ್ಳಿ ಎಂದರೆ ಸುಣ್ಣ ಬಳಿದ ಮನೆ, ಹೂ ಮುಡಿದು ಹಾಡುವ ಹುಡುಗಿ. ಇವರು ಅಂಥ ಸುಳ್ಳು ಹಳ್ಳಿ ತೋರಿಸುವವರಲ್ಲವಂತೆ. ಊರಿಗೆ ನೀರು ಬಿಟ್ಟು ಕೇರಿಗೆ ನೀರು ತಡೆಯುವ ಗೌಡನ ಕಥೆ ಅವರದು. ನಿರ್ದೇಶಕ ತೆಳ್ಳಗಿನ ಮನುಷ್ಯ, ಖಾದಿ ಜುಬ್ಬ, ಬಗಲಲ್ಲಿ ಜೋಳಿಗೆ. ಬಂದ ಎರಡನೆಯ ದಿನ ಅವರು ಊರ ಹೊರಗಿನ ನಮ್ಮ ಕೇರಿಗೆ ಬಂದು, ನಮ್ಮ ಮನೆಯ ನೆಲದ ಮೇಲೆ ಕೂತು, ಅವ್ವ ಬಡಿದ ಜೋಳದ ರೊಟ್ಟಿ ಉಂಡರು. ಅದನ್ನು ಇವತ್ತಿಗೂ ನಾನು ಸಣ್ಣದೆಂದು ಹೇಳಲಾರೆ. ನಮ್ಮ ಮನೆಯಲ್ಲಿ ಉಂಡ ಮೊದಲ ಹೊರಗಿನವರು ಅವರೇ. ಮುಂದೆ ಆದದ್ದನ್ನೆಲ್ಲ ನೆನೆದು ಅವರ ಮೇಲೆ ಸಿಟ್ಟಾಗಲು ಹೊರಟಾಗಲೆಲ್ಲ ಆ ರೊಟ್ಟಿ ಅಡ್ಡ ಬರುತ್ತದೆ.

ಅಪ್ಪನ ಹೆಸರು ದುರುಗಪ್ಪ. ಕಂಪ್ಲಿಯ ಅಕ್ಕಿ ಗಿರಣಿಯೊಂದರಲ್ಲಿ ಹಮಾಲಿ. ಮುಂಜಾನೆಯಿಂದ ಸಂಜೆಯವರೆಗೆ ಬೆನ್ನ ಮೇಲೆ ಭತ್ತದ ಚೀಲ. ಸುಗ್ಗಿ ಮುಗಿದ ಮೇಲೆ ಮಾತ್ರ ಅವನು ಬೇರೆಯೇ ಮನುಷ್ಯ. ಬಯಲಾಟದಲ್ಲಿ ಅವನದು ರಾಜನ ಪಾತ್ರ. ವರ್ಷವೆಲ್ಲ ಗೌಡರ ಕಟ್ಟೆಯ ಕೆಳಗೆ ನಿಂತು ಮಾತಾಡಬೇಕಾದವನು ಆಟದ ದಿನ ಕಿರೀಟ, ಭುಜಕೀರ್ತಿ ಕಟ್ಟಿಕೊಂಡು ಮೇಲೆ ನಿಲ್ಲುತ್ತಿದ್ದ, ಗೌಡರು ಕೆಳಗೆ ಜಮಖಾನದ ಮೇಲೆ. ರಾಜ ಬಾಯಿ ತೆಗೆದರೆ ಎಲೆ ಅಡಿಕೆ ಅಗಿಯುವವರೂ ಅಗಿಯುವುದನ್ನು ನಿಲ್ಲಿಸುತ್ತಿದ್ದರು. ಅಂಥ ದನಿ. ಅವನ ಎದುರು ರಾಣಿ ಪಾತ್ರ ಹುಲಿಗೆಪ್ಪ ಕಾಕನದು. ನಮ್ಮ ಕೇರಿಯವನೇ, ಅಪ್ಪನಿಗಿಂತ ಏಳೆಂಟು ವರ್ಷ ಸಣ್ಣವನು, ಸೀರೆ ಉಟ್ಟರೆ ನಮ್ಮವ್ವನಿಗೇ ಹೊಟ್ಟೆಕಿಚ್ಚಾಗುವಂಥ ಹೆಣ್ಣು.

ದನಿ ದೊಡ್ಡದು ಎಂದು ಬರೆಯುವುದು ಸುಲಭ, ಓದುವವರು ನಂಬಬೇಕಲ್ಲ. ನಾವು ಆಚೆ ದಡದ ಅತ್ತೆಯ ಊರಿಗೆ ಹೋಗಬೇಕಾದರೆ ಹೊಳೆ ದಾಟಬೇಕು. ಹರಗೋಲಿನವನು ಯಾವಾಗಲೂ ಆಚೆಯೇ ಇರುತ್ತಿದ್ದ. ಮಂದಿ ಟವೆಲ್ ಬೀಸುತ್ತಿದ್ದರು, ಸೀಟಿ ಹೊಡೆಯುತ್ತಿದ್ದರು. ಅಪ್ಪ ದಡಕ್ಕೆ ಬಂದು, ಒಂದು ಕೈ ಸೊಂಟದ ಮೇಲಿಟ್ಟು, ಅವಸರವಿಲ್ಲದೆ ಅವನ ಹೆಸರು ಹಿಡಿದು ಒಮ್ಮೆ ಕರೆಯುತ್ತಿದ್ದ. ತುಂಗಭದ್ರೆ ತುಂಬಿ ಹರಿಯುವಾಗಲೂ ಹರಗೋಲಿನವನು ಅಲ್ಲಿಂದಲೇ ಎದ್ದು ನಿಲ್ಲುತ್ತಿದ್ದ. ಎರಡನೆಯ ಸಲ ಕರೆದದ್ದು ನಾನು ಕಂಡಿಲ್ಲ.

ಇಷ್ಟೆಲ್ಲ ಹೇಳುತ್ತಿದ್ದೇನಲ್ಲ, ಆ ದನಿ ಹೇಗಿತ್ತು ಎಂದು ಕೇಳಿದರೆ ನನಗೆ ಗೊತ್ತಿಲ್ಲ. ಕರೆದದ್ದು ಗೊತ್ತು, ಕೈ ಸೊಂಟದ ಮೇಲಿದ್ದದ್ದು ಗೊತ್ತು, ಹರಗೋಲು ತಿರುಗುತ್ತ ತಿರುಗುತ್ತ ಬಂದದ್ದು ಗೊತ್ತು. ದನಿ ಮಾತ್ರ ಇಲ್ಲ. ಅದು ಯಾಕೆ ಇಲ್ಲವೆಂಬುದೇ ಮುಂದಿನ ಕಥೆ.

ನಿರ್ದೇಶಕರು ಗಿರಣಿಯಲ್ಲಿ ಅಪ್ಪನನ್ನು ಕಂಡು, ಈ ಮುಖದಲ್ಲಿ ಸಾವಿರ ವರ್ಷದ ನೋವಿದೆ ಎಂದರಂತೆ. ಅಪ್ಪ ಮನೆಗೆ ಬಂದವನೇ ಅವ್ವನ ಮುಂದೆ ಕೂತು, ನೋವು ಎಲ್ಲಿ ಕಾಣಿಸುತ್ತದೆ ನೋಡು ಎಂದ. ಅವ್ವ ಗದ್ದ ಹಿಡಿದು ಆಚೀಚೆ ತಿರುಗಿಸಿ ನೋಡಿ, ಅದು ನೋವಲ್ಲ, ತೌಡು, ಮಾರಿ ತೊಳ್ಕೊ ಎಂದಳು. ಇದನ್ನು ಅಪ್ಪ ಎಷ್ಟು ಸಲ ಹೇಳಿ ನಕ್ಕಿದ್ದಾನೋ.

ಶೂಟಿಂಗ್ ಶುರುವಾದ ಮೇಲೆ ತೊಂದರೆ ಬಂದದ್ದು ಅವನ ಬೆನ್ನಿನಿಂದ. ನಿರ್ದೇಶಕರಿಗೆ ಬೇಕಾಗಿದ್ದದ್ದು ಬಗ್ಗಿ ನಡೆಯುವ ಆಳು. ಅಪ್ಪನಿಗೆ ಬಗ್ಗಲು ಬರುತ್ತಿರಲಿಲ್ಲ. ಹಟವೇನೂ ಇರಲಿಲ್ಲ, ಪಾಪ, ಅವರು ಹೇಳಿದ ಹಾಗೆ ಬಗ್ಗಿ ಹೊರಡುತ್ತಿದ್ದ, ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಬೆನ್ನು ತಾನಾಗಿ ಎದ್ದು, ಎದೆ ಮುಂದಾಗಿ, ರಾಜನ ನಡಿಗೆ ಬಂದುಬಿಡುತ್ತಿತ್ತು. ದಣಿದರೆ ಬಗ್ಗುತ್ತಾನೆ ಎಂದು ಯಾರೋ ಹೇಳಿ, ಭತ್ತದ ಚೀಲ ಹೊರಿಸಿ ಹೊಲದ ಬದುವಿನ ಮೇಲೆ ಹತ್ತು ಸುತ್ತು ಹಾಕಿಸಿದರು. ಹಮಾಲಿಗೆ ಚೀಲ ಯಾವ ಲೆಕ್ಕ. ಇಳಿಸಿದ ಮೇಲೆ ಇನ್ನೂ ನೆಟ್ಟಗಾಗಿ ನಿಂತ. ಕೊನೆಗೆ ಸಿನಿಮಾಕ್ಕೆಂದು ಕಟ್ಟಿದ ಗುಡಿಸಲಿನ ಬಾಗಿಲನ್ನು ಅರ್ಧಕ್ಕೆ ಮುಚ್ಚಿ ಗಿಡ್ಡ ಮಾಡಿದರು. ಅದರೊಳಗಿಂದ ಬರುವಾಗ ಯಾರಾದರೂ ಬಗ್ಗಲೇಬೇಕು. ಸಿನಿಮಾದಲ್ಲಿ ಅಪ್ಪ ಮೂರು ಸಲ ಬಾಗಿಲಿನಿಂದ ಹೊರಗೆ ಬರುತ್ತಾನೆ, ಮೂರು ಸಲವೂ ಪೂರ್ತಿ ನೆಟ್ಟಗಾಗುವ ಮೊದಲೇ ಚಿತ್ರ ಬದಲಾಗುತ್ತದೆ. ನಮ್ಮ ನಿಜವಾದ ಮನೆಯ ಬಾಗಿಲು ಅಷ್ಟು ಗಿಡ್ಡ ಇರಲಿಲ್ಲ.

ಅವ್ವನ ಸೀರೆಯದೂ ಒಂದು ಕಥೆ. ಅಪ್ಪನ ಹೆಂಡತಿಯ ಪಾತ್ರಕ್ಕೆ ಬೆಂಗಳೂರಿನಿಂದ ಒಬ್ಬ ನಟಿ ಬಂದಿದ್ದಳು. ಬೆಳ್ಳಗಿನ ಹುಡುಗಿ. ದಿನಾ ಮುಂಜಾನೆ ಒಂದು ತಾಸು ಕೂತು ಕೈ, ಮುಖ, ಕುತ್ತಿಗೆಗೆಲ್ಲ ಕಪ್ಪು ಬಣ್ಣ ಹಚ್ಚಿಸಿಕೊಳ್ಳುತ್ತಿದ್ದಳು. ನಮ್ಮ ಕೇರಿಯ ಹೆಂಗಸರು ಸುತ್ತ ನಿಂತು ಅದನ್ನು ನೋಡುತ್ತಿದ್ದರು. ಅವಳಿಗೆ ಉಡಲು ನಿಜವಾದ ಹಳೆಯ ಸೀರೆ ಬೇಕಿತ್ತು. ಅವ್ವ ತೇಪೆ ಹಚ್ಚಿದ್ದ ತನ್ನ ಸೀರೆ ಕೊಟ್ಟಳು, ಅವರು ಬದಲಿಗೆ ಹೊಸ ಸೀರೆ ಕೊಟ್ಟರು. ಮರುದಿನ ಕೇರಿಯವರೆಲ್ಲ ಗುಂಪಾಗಿ ನಿಲ್ಲುವ ದೃಶ್ಯ. ಅವ್ವ ಹೊಸ ಸೀರೆ ಉಟ್ಟು, ತಲೆ ಬಾಚಿ, ಎಲ್ಲರಿಗಿಂತ ಮೊದಲು ಹೋಗಿ ನಿಂತಳು. ಹೊಸ ಸೀರೆ ಬೇಡಮ್ಮ, ಹಳೆಯದು ಉಟ್ಟು ಬನ್ನಿ ಎಂದರು. ಅವ್ವನ ಬಳಿ ಇದ್ದ ಹಳೆಯದು ಒಂದೇ, ಅದು ನಟಿಯ ಮೈಮೇಲಿತ್ತು. ಅವ್ವ ಕ್ಯಾಮೆರಾದ ಹಿಂದೆ ಹೋಗಿ ನಿಂತಳು. ಸಿನಿಮಾದಲ್ಲಿ ಅವಳ ಸೀರೆ ಇದೆ, ಅವಳಿಲ್ಲ.

ಇನ್ನು ಆ ಒಂದು ಮಾತು. ಗೌಡನ ಅಂಗಳದಲ್ಲಿ ಆಳು ಕುಕ್ಕುರುಗಾಲಿನಲ್ಲಿ ಕೂತು ನೀರು ಕೇಳಬೇಕು. ಬರೆದುಕೊಂಡು ಬಂದ ಮಾತು ಉದ್ದವಾಗಿತ್ತು. ದಯವಿಟ್ಟು, ಉಪಕಾರ, ಏಳು ಜನ್ಮ ಎಂದೆಲ್ಲ ಇತ್ತು. ಅಪ್ಪನಿಗೆ ಓದು ಬರುತ್ತಿರಲಿಲ್ಲ. ಅವರ ತಂಡದ ಒಬ್ಬ ಹುಡುಗಿ ಓದಿ ಹೇಳಿದಳು. ಎರಡು ಸಲ ಕೇಳಿಸಿಕೊಂಡು ಅಪ್ಪ ನಿರ್ದೇಶಕರಿಗೆ ಹೇಳಿದ: "ಹಿಂಗ ಯಾರೂ ಕೇಳಂಗಿಲ್ರಿ. ಇದು ಕೇಳದಲ್ಲ, ಅಳದು."

ಹಾಗಾದರೆ ನೀವು ಹೇಗೆ ಕೇಳುತ್ತೀರಿ ಎಂದು ಅವರು ಕೇಳಿದರು. ಅಪ್ಪ ಕೂತಲ್ಲಿಂದಲೇ ಗೌಡನ ಪಾತ್ರದವನ ಮುಖ ನೋಡಿ ಹೇಳಿದ: "ಧಣಿ, ನೀರು ಯಾರ್ದೂ ಅಲ್ಲ. ಬಿಡ್ರಿ."

ಅಷ್ಟೇ. ನಾನು ಅವ್ವನ ಪಕ್ಕ ನಿಂತಿದ್ದೆ, ನನಗಾಗ ಹತ್ತು ವರ್ಷ. ಗೌಡನ ಪಾತ್ರದ ನಟ ತನ್ನ ಮಾತು ಮರೆತ. ನಿರ್ದೇಶಕರು ಎದ್ದು ಬಂದು ಅಪ್ಪನ ಎರಡೂ ಕೈ ಹಿಡಿದುಕೊಂಡರು, ಅವರ ಕಣ್ಣಲ್ಲಿ ನೀರಿತ್ತು. ಹೀಗೇ ಇರಲಿ, ನಿಮ್ಮ ಮಾತೇ ಇರಲಿ ಎಂದು ಅದನ್ನೇ ಶೂಟ್ ಮಾಡಿದರು. ಹೋಗುವಾಗ, ಇಲ್ಲಿ ಗಾಳಿ ಗದ್ದಲದಲ್ಲಿ ದನಿ ಸರಿಯಾಗಿ ಬಂದಿರುವುದಿಲ್ಲ, ಮದ್ರಾಸಿಗೆ ಕರೆಸಿಕೊಂಡು ನಿಮ್ಮ ದನಿ ಮತ್ತೆ ತುಂಬಿಸುತ್ತೇವೆ, ಕಾಗದ ಹಾಕುತ್ತೇವೆ ಎಂದರು.

ಅಪ್ಪ ಕಾಗದಕ್ಕೆ ಕಾದ. ಗಂಟಲು ಕೆಡುತ್ತದೆಂದು ಹುಣಸೆಹಣ್ಣು ಬಿಟ್ಟ, ಮಜ್ಜಿಗೆ ಬಿಟ್ಟ, ಮುಂಜಾನೆ ಎದ್ದು ಮೆಣಸಿನ ಕಷಾಯ ಕುಡಿದ. ಗಿರಣಿಯ ತೌಡು ಗಂಟಲಿಗೆ ಇಳಿಯದಂತೆ ಬಾಯಿಗೆ ಟವೆಲ್ ಕಟ್ಟಿಕೊಂಡು ಚೀಲ ಹೊತ್ತ. ಆ ವರ್ಷ ಆಟಕ್ಕೆ ಕರೆದವರಿಗೆ, ಮದ್ರಾಸಿನಿಂದ ಯಾವಾಗ ಕರೆ ಬರುತ್ತದೋ ಗೊತ್ತಿಲ್ಲ ಎಂದು ಹೇಳಿ ಕಳಿಸಿದ. ಗಿರಣಿಯಲ್ಲಿ ಅವನಿಗೆ ಮದ್ರಾಸ್ ದುರುಗಪ್ಪ ಎಂದು ಹೆಸರು ಬಿತ್ತು. ಅದನ್ನು ಅವನು ಬೇಡ ಎನ್ನಲಿಲ್ಲ. ಕಾಗದ ಬರಲಿಲ್ಲ.

ಬಂದದ್ದು ಸಿನಿಮಾವೇ. ಹೊಸಪೇಟೆಯ ಒಂದು ಟಾಕೀಸಿನಲ್ಲಿ ಬೆಳಗಿನ ಆಟಕ್ಕೆ ಹಾಕಿದ್ದಾರೆ ಎಂದು ಸುದ್ದಿ ಬಂತು. ಇಡೀ ಕೇರಿ ಗಿರಣಿಯ ಟ್ರ್ಯಾಕ್ಟರ್ ಹತ್ತಿತು. ಅಪ್ಪ ಒಗೆದ ಬಿಳಿ ಧೋತರ ಉಟ್ಟು ಮುಂದೆ ನಿಂತಿದ್ದ. ಟಾಕೀಸಿನಲ್ಲಿ ನಮ್ಮನ್ನು ಬಿಟ್ಟರೆ ಹೆಚ್ಚು ಮಂದಿ ಇರಲಿಲ್ಲ. ಸಿನಿಮಾ ಶುರುವಾಗಿ ಬಹಳ ಹೊತ್ತು ಬರೀ ಹೊಲ, ಮುಗಿಲು, ಎತ್ತು. ನಟಿ ಬಂದಾಗ ಅವ್ವ ನನ್ನ ಪಕ್ಕೆ ತಿವಿದು, ತನ್ನ ಸೀರೆ ನೋಡು ಎಂದಳು. ಆಮೇಲೆ ಅಪ್ಪ ಬಂದ. ಅಂಗಳದಲ್ಲಿ ಕೂತ. ಮುಖ ಎತ್ತಿದ. ಬಾಯಿ ತೆಗೆದ.

ಬಂದದ್ದು ಬೇರೆ ಯಾರದೋ ದನಿ. ಸಣ್ಣದು, ಮೂಗಿನಲ್ಲಿ ಬರುವಂಥದು, ನಡುಗುವಂಥದು. "ಧಣಿಗಳೇ, ದಯವಿಟ್ಟು ನೀರು ಬಿಡಿ. ಏಳು ಜನ್ಮ ನಿಮ್ಮ ಉಪಕಾರ ಮರೆಯುವುದಿಲ್ಲ." ಅಪ್ಪನ ತುಟಿ ಮುಚ್ಚಿದ ಮೇಲೂ ಆ ದನಿ ಸ್ವಲ್ಪ ಹೊತ್ತು ಅಳುತ್ತಲೇ ಇತ್ತು.

ನಾನು ನಕ್ಕುಬಿಟ್ಟೆ. ಅಷ್ಟು ದೊಡ್ಡ ಮನುಷ್ಯನ ಬಾಯಿಂದ ಅಂಥ ಕೀರಲು ಬಂದರೆ ಹನ್ನೊಂದು ವರ್ಷದ ಹುಡುಗಿ ಇನ್ನೇನು ಮಾಡುತ್ತಾಳೆ ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆದರೂ ಮೊದಲು ನಕ್ಕದ್ದು ನಾನು. ನನ್ನ ನಗು ಕೇಳಿ ಉಳಿದವರು ನಕ್ಕರು. ಅಪ್ಪ ನನ್ನ ಪಕ್ಕದಲ್ಲೇ ಕೂತಿದ್ದ. ತೊಡೆಯ ಮೇಲಿದ್ದ ಅವನ ಕೈ ಅಲ್ಲಾಡಲಿಲ್ಲ. ವಾಪಸು ಬರುವಾಗ ಟ್ರ್ಯಾಕ್ಟರಿನಲ್ಲಿ ಯಾರೋ ಆ ಮಾತನ್ನು ಅದೇ ದನಿಯಲ್ಲಿ ಅಂದರು, ಮತ್ತೆ ಎಲ್ಲರೂ ನಕ್ಕರು, ಅಪ್ಪನೂ ನಕ್ಕ.

ಅದಾದ ಮೇಲೆ ಅಪ್ಪ ಮೆತ್ತಗೆ ಮಾತಾಡುವ ಮನುಷ್ಯನಾದ. ಮುನಿಸು, ಕೋಪ ಏನಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದ, ಕೇಳಿಸಿಕೊಳ್ಳಲು ಹತ್ತಿರ ಹೋಗಬೇಕಿತ್ತು. ಮರುವರ್ಷ ಒಂದು ಆಟಕ್ಕೆ ಹೋದ, ಬಂದು ಕಿರೀಟದ ಪೆಟ್ಟಿಗೆಯನ್ನು ತಂಡದವರಿಗೆ ಒಪ್ಪಿಸಿದ. ಗಂಟಲು ಕೆಟ್ಟಿದೆ ಎಂದು ಮನೆಯಲ್ಲಿ ಹೇಳಿದ, ನಾವು ನಂಬಿದೆವು. ಹೊಳೆ ದಡಕ್ಕೆ ಹೋದಾಗ, ನೀನು ಕೂಗು ಎಂದು ನನಗೆ ಹೇಳುತ್ತಿದ್ದ. ನಾನು ನಾಲ್ಕೈದು ಸಲ ಕೂಗುತ್ತಿದ್ದೆ. ಹರಗೋಲಿನವನು ತನಗೆ ಬೇಕಾದಾಗ ಬರುತ್ತಿದ್ದ. ನಾನು ಶಿಕ್ಷಕರ ತರಬೇತಿಯಲ್ಲಿದ್ದಾಗ ಅಪ್ಪ ತೀರಿಹೋದ. ಎದೆಯಲ್ಲಿ ತೌಡು ತುಂಬಿತ್ತು ಎಂದು ಅವ್ವ ಹೇಳುತ್ತಿದ್ದಳು. ಹಾಗಾಗಿ ನನ್ನ ನೆನಪಿನಲ್ಲಿ ಉಳಿದಿರುವುದು ಕೊನೆಯ ಒಂಬತ್ತು ವರ್ಷದ ಪಿಸುಮಾತು. ಅದರ ಹಿಂದಿನ ದನಿಯನ್ನು ಹುಡುಕಲು ಹೋದರೆ ಟಾಕೀಸಿನ ಆ ಕೀರಲು ದನಿ ಬಂದು ನಿಲ್ಲುತ್ತದೆ. ಹರಗೋಲಿನವನನ್ನು ಕರೆಯುವ ಅಪ್ಪನಿಗೂ ಈಗ ನನ್ನ ತಲೆಯಲ್ಲಿ ಅದೇ ದನಿ.

ಮೂವತ್ತೈದು ವರ್ಷ ಮಾಸ್ತರಿಕೆ ಮಾಡಿದೆ. ಆಗ ಇದನ್ನೆಲ್ಲ ನೆನೆಯಲು ಪುರುಸೊತ್ತಿರಲಿಲ್ಲ. ನನ್ನ ದನಿಯೂ ದೊಡ್ಡದೇ, ಮಕ್ಕಳು ಹಿಂದಿನಿಂದ ಮೈಕ್ ಟೀಚರ್ ಎನ್ನುತ್ತಿದ್ದರು. ಆ ಮೈಕಿನಿಂದ ನಾನು ಮಾಡಿದ್ದೇನು ಗೊತ್ತೇ? ಬ್ಯಾಡ ಎಂದವರಿಗೆ ಬೇಡ ಎನ್ನಿಸಿದೆ. ಐತಿ ಎಂದವರನ್ನು ಇದೆ ಎನ್ನುವವರೆಗೆ ನಿಲ್ಲಿಸಿದೆ. ಇನ್‌ಸ್ಪೆಕ್ಟರ್ ಬಂದಾಗ ನನ್ನ ಮಕ್ಕಳು ಮೈಸೂರಿನವರ ಹಾಗೆ ಮಾತಾಡುತ್ತಾರೆ ಎಂದು ಹೊಗಳಿಸಿಕೊಂಡೆ. ಹಮಾಲಿಗಳ, ಗಣಿಯವರ, ಕಬ್ಬು ಕಡಿಯುವವರ ಮಕ್ಕಳ ಬಾಯೊಳಗೆ ಬೇರೆ ದನಿ ತುಂಬಿ ಕಳಿಸಿದೆ. ಅದಕ್ಕೆ ಮದ್ರಾಸಿಗೂ ಹೋಗಬೇಕಾಗಲಿಲ್ಲ.

ನಿವೃತ್ತಿಯಾದ ಮೇಲೆ ಒಂದು ದಿನ ಅರ್ಪಿತಾ ಎಂಬ ಹುಡುಗಿ ಮನೆ ಹುಡುಕಿಕೊಂಡು ಬಂದಳು. ಆ ಕಾಲದ ಸಿನಿಮಾಗಳ ಮೇಲೆ ಸಂಶೋಧನೆ ಮಾಡುತ್ತಿದ್ದಾಳೆ. ನಮ್ಮೂರಲ್ಲಿ ವಿಚಾರಿಸಿದಾಗ ಯಾರೋ ದುರುಗಪ್ಪನ ಮಗಳು ಹೊಸಪೇಟೆಯಲ್ಲಿದ್ದಾಳೆ ಎಂದು ಕಳಿಸಿದರಂತೆ. ಅವಳೇ ನನ್ನ ಮೊಬೈಲಿಗೆ ಆ ಸಿನಿಮಾ ಹಾಕಿಕೊಟ್ಟಳು. ಟಾಕೀಸಿನ ದಿನದ ನಂತರ ನಾನು ಅದನ್ನು ನೋಡಿರಲಿಲ್ಲ. ಹೆಸರುಗಳು ಬರುವಲ್ಲಿ ಅವಳು ನಿಲ್ಲಿಸಿ ತೋರಿಸಿದಳು. ಬೆಂಗಳೂರಿನಿಂದ ಬಂದವರೆಲ್ಲರ ಹೆಸರುಗಳಿವೆ, ಕೊನೆಗೆ 'ಮತ್ತು ಊರಿನವರು' ಎಂದಿದೆ. ಅಪ್ಪ ಆ ಕೊನೆಯ ಎರಡು ಪದದಲ್ಲಿ ಎಲ್ಲೋ ಇದ್ದಾನೆ.

ಈ ಸಿನಿಮಾದಲ್ಲಿ ನಿಮ್ಮ ಸಮುದಾಯಕ್ಕೆ ಸರಿಯಾದ ಪ್ರಾತಿನಿಧ್ಯ ಸಿಕ್ಕಿದೆ ಅನ್ನಿಸುತ್ತದೆಯೇ ಮೇಡಂ ಎಂದು ಅವಳು ಕೇಳಿದಳು. ಪ್ರಾತಿನಿಧ್ಯ ಎಂಬ ಪದವನ್ನು ನಾನು ಪ್ರತಿ ವರ್ಷ ಉಕ್ತಲೇಖನಕ್ಕೆ ಕೊಡುತ್ತಿದ್ದೆ, ತರಗತಿಯಲ್ಲಿ ಅರ್ಧಕ್ಕರ್ಧ ಮಂದಿ ತಪ್ಪು ಬರೆಯುತ್ತಿದ್ದರು. ಅಪ್ಪನ ದನಿಯ ಬಗ್ಗೆ ಹೇಳಿದೆ. ಅವಳು ಪೆನ್ನು ಕೆಳಗಿಟ್ಟು ಕೇಳಿಸಿಕೊಂಡಳು. ಆ ಕಾಲದಲ್ಲಿ ಸಣ್ಣ ಪಾತ್ರಗಳಿಗೆಲ್ಲ ಮೂರು ನಾಲ್ಕು ಮಂದಿಯೇ ಕೂತು ದನಿ ಕೊಡುತ್ತಿದ್ದರು, ಅದು ರೂಢಿ, ಯಾರೂ ಬೇಕೆಂದು ಮಾಡಿದ್ದಲ್ಲ ಎಂದಳು. ಬೇಕೆಂದು ಮಾಡಿದ್ದಲ್ಲ ಎಂಬುದು ನನಗೂ ಗೊತ್ತು. ಬೇಕೆಂದು ಮಾಡಿದ್ದರೆ ಬೈಯಬಹುದಿತ್ತು.

ಅವಳು ಹೋದ ಮೇಲೆ ಸೌಂಡ್ ಇಳಿಸಿ ಒಬ್ಬಳೇ ನೋಡಿದೆ. ಆಗ ಕಂಡಿತು. ಅಪ್ಪನ ತುಟಿಗಳು ತನ್ನದೇ ಮಾತನ್ನು ಆಡುತ್ತಿದ್ದವು. ಮೊದಲು ಧಣಿ, ಆಮೇಲೆ ಒಂದು ಬಿಡುವು, ಆಮೇಲೆ ನೀರು ಯಾರ್ದೂ ಅಲ್ಲ. ಕೊನೆಗೆ ಎರಡು ತುಟಿ ಕೂಡಿ ಬಿಟ್ಟುಕೊಳ್ಳುತ್ತವೆ, ಬಿಡ್ರಿ. ಕೂತಿದ್ದರೂ ಬೆನ್ನು ನೆಟ್ಟಗಿತ್ತು. ಅಂದಿನಿಂದ ನನಗೆ ಈ ಚಟ.

ತುಟಿ ಸಿಕ್ಕ ಮೇಲೆ ದನಿಯ ಆಸೆ ಹುಟ್ಟಿತು. ಆ ದನಿಯನ್ನು ಬಲ್ಲವರು ಯಾರಾದರೂ ಉಳಿದಿದ್ದರೆ ಅದು ಹುಲಿಗೆಪ್ಪ ಕಾಕ. ಇಪ್ಪತ್ತು ವರ್ಷ ರಾಣಿಯಾಗಿ ಎದುರಿಗೆ ನಿಂತವನು, ರಾಜನ ಮಾತು ಎಲ್ಲಿ ಮುಗಿಯುತ್ತದೆ ಎಂದು ಕಾದು ತನ್ನ ಮಾತು ಎತ್ತಿದವನು. ಆಟ ನಿಂತ ಮೇಲೆ ಅವನು ಸಂಡೂರು ಕಡೆ ಗಣಿ ಕೆಲಸಕ್ಕೆ ಹೋಗಿ, ಈಗ ಬಂಡ್ರಿಯಲ್ಲಿ ಮಗಳ ಮನೆಯಲ್ಲಿದ್ದಾನೆ ಎಂದು ತಿಳಿಯಿತು. ಒಂದು ಮುಂಜಾನೆ ಸಂಡೂರು ಬಸ್ಸು ಹತ್ತಿದೆ. ಅದಿರಿನ ಲಾರಿಗಳ ಹಿಂದೆ ನಿಂತು ನಿಂತು ಬಸ್ಸು ಸಾಗಿತು. ರಸ್ತೆ ಬದಿಯ ಗಿಡಗಳೆಲ್ಲ ಕೆಂಪು ಧೂಳು ಬಡಿದುಕೊಂಡು ಒಂದೇ ಜಾತಿಯವಾಗಿದ್ದವು. ಸಂಡೂರಿನಲ್ಲಿ ಇಳಿದು ಬಂಡ್ರಿಯ ಬಸ್ಸು ಹಿಡಿಯುವಷ್ಟರಲ್ಲಿ ನನ್ನ ಬಿಳಿ ಸೀರೆಯ ಅಂಚೂ ಅದೇ ಜಾತಿಗೆ ಸೇರಿತ್ತು.

ಕಾಕ ಮನೆ ಮುಂದಿನ ಕಟ್ಟೆಯ ಮೇಲೆ ಕೂತಿದ್ದ. ಎಂಬತ್ತು ದಾಟಿದೆ. ಹೆಗಲ ಟವೆಲನ್ನು ಸೆರಗಿನಂತೆ ಎಳೆದು ಸರಿಮಾಡಿಕೊಂಡದ್ದು ನೋಡಿಯೇ ಗುರುತು ಹತ್ತಿತು. ಗಣಿಯ ಧೂಳು ಅವನ ಉಸಿರಿನಲ್ಲಿ ಕೂತು, ಪ್ರತಿ ಮಾತಿನ ನಡುವೆ ಅವನು ನಿಲ್ಲುತ್ತಿದ್ದ. ನಾನು ದುರುಗಪ್ಪನ ಮಗಳು ಎಂದ ಕೂಡಲೇ ಕೈ ಹಿಡಿದು ಪಕ್ಕಕ್ಕೆ ಕೂಡಿಸಿಕೊಂಡ. ಆ ಕೊನೆಯ ಆಟದ ವಿಷಯವನ್ನು ಅವನೇ ಎತ್ತಿದ. ಅಪ್ಪ ರಾಜನಾಗಿ ಬಂದು ನಿಂತಾಗ ಮಂದಿಯ ನಡುವಿನಿಂದ ಯಾರೋ ಸಿನಿಮಾದ ಮಾತನ್ನು ಅದೇ ದನಿಯಲ್ಲಿ ಕೂಗಿದರಂತೆ. ಅಪ್ಪ ಆಟ ಬಿಡಲಿಲ್ಲ, ಒಂದು ಮಾತೂ ಮರೆಯಲಿಲ್ಲ.

"ದನಿ ಏಳಲಿಲ್ಲ ನೋಡು ಯವ್ವಾ," ಎಂದ ಕಾಕ. "ಎರಡು ಮಾರು ದೂರ ನಿಂತಿದ್ದೆ, ನನಗ ಕೇಳಲಿಲ್ಲ. ತುಟಿ ನೋಡಿಕೊಂತ ನನ್ನ ಮಾತು ಎತ್ತಿದೆ."

ಗಂಟಲು ಕೆಟ್ಟಿತ್ತು ಎಂದು ನಾವು ನಂಬಿದ್ದೆವು. ನಾನು ಮೊಬೈಲ್ ತೆಗೆದು, ಸೌಂಡ್ ಇಳಿಸಿ, ಅವನ ಮುಂದೆ ಹಿಡಿದೆ. ಅಪ್ಪ ಮುಖ ಎತ್ತಿದ, ಬಾಯಿ ತೆಗೆದ. ನಾನು ಯಾವ ಸುಳಿವೂ ಕೊಟ್ಟಿರಲಿಲ್ಲ. ಕಾಕ ಪರದೆ ನೋಡುತ್ತಲೇ ಅಪ್ಪನ ತುಟಿಯ ಜೊತೆ ಜೊತೆಗೆ ಹೇಳಿದ: ನೀರು ಯಾರ್ದೂ ಅಲ್ಲ, ಬಿಡ್ರಿ. ಇಷ್ಟು ವರ್ಷದಲ್ಲಿ ಆ ಮಾತನ್ನು ಇನ್ನೊಬ್ಬರ ಬಾಯಿಂದ ಕೇಳಿದ್ದು ಅದೇ ಮೊದಲು.

ನಾನು ಬಂದ ಕೆಲಸ ಹೇಳಿದೆ. ಅಪ್ಪ ಹೇಳಿದ ಹಾಗೆಯೇ, ಅವನ ದನಿಯಲ್ಲಿ, ಒಮ್ಮೆ ಹೇಳು ಕಾಕ ಎಂದು ಕೇಳಿದೆ. ಅದೇನು ದೊಡ್ಡದು ಎಂದು ಅವನು ನಕ್ಕ. ದಿನಾ ಮಲಗುವ ಮುಂಚೆ ಅವನ ಮಾತು ಒಂದೊಂದಾಗಿ ನೆನೆಸಿಕೊಳ್ಳುತ್ತೇನೆ ಎಂದ. ಬೆನ್ನು ನೆಟ್ಟಗೆ ಮಾಡಿ, ಕೆಮ್ಮಿ, ಒಂದು ಕೈ ಸೊಂಟದ ಮೇಲಿಟ್ಟು ಶುರು ಮಾಡಿದ. ಮೊದಲ ಸಲ ಉಸಿರು ಸಾಲಲಿಲ್ಲ. ಎರಡನೆಯ ಸಲ ಧಣ್ ಎಂಬಲ್ಲಿಗೆ ಕೆಮ್ಮು ಬಂತು. ಮಗಳು ಒಳಗಿಂದ ನೀರು ತಂದು ಕೊಟ್ಟು, ಬ್ಯಾಡ ಬಿಡಪ್ಪ ಎಂದಳು. ಅವನು ಕೈ ಅಡ್ಡ ಮಾಡಿ, ಕಣ್ಣು ಮುಚ್ಚಿ, ಮೂರನೆಯ ಸಲ ಪೂರ್ತಿ ಹೇಳಿದ.

ಸಣ್ಣಗೆ, ಮೂಗಿನಿಂದ, ನಡುಗುತ್ತ ಬಂತು.

ಇಬ್ಬರಿಗೂ ಒಟ್ಟಿಗೇ ಗೊತ್ತಾಯಿತು. ನಾನು ಬೇಗನೆ, ಹೌದು ಕಾಕ, ಹಿಂಗ ಇತ್ತು, ಖರೇನ ಅಪ್ಪನ ದನಿ ಎಂದೆ. ಅವನು ಕಣ್ಣು ತೆರೆದು ನನ್ನ ಕಡೆ ತಿರುಗಿದ.

"ಸುಳ್ಳು ಹೇಳಬ್ಯಾಡ ಯವ್ವಾ. ಇದು ದುರುಗಂದಲ್ಲ, ಸಿನಿಮಾದವಂದು," ಎಂದ. ಟವೆಲಿನಿಂದ ಬಾಯಿ ಒರೆಸಿಕೊಂಡ. "ಇಷ್ಟು ದಿನ ನನ್ನ ಕಿವಿಯಾಗ ದುರುಗ ಇದ್ದ. ನೀ ಬಂದು ಕೇಳದಿದ್ರ ಇರ್ತಿದ್ದ."

ಮಗಳು ಚಹಾ ತಂದಿಟ್ಟಳು. ಕಾಕ ಕುಡಿಯಲಿಲ್ಲ. ನಾನು ಅವನ ಕಾಲು ಮುಟ್ಟಿ, ಬಿಸಿಲು ಇಳಿಯುವ ಮೊದಲೇ ಬಸ್ಸಿಗೆ ಎದ್ದು ಬಂದೆ.